ಇಪ್ಪತ್ತೈದು ನಿಮಿಷದ ಕೆಲಸಕ್ಕೆ 850 ರೂಪಾಯಿ: ಮನೆ ರಿಪೇರಿಯ ಮಜೂರಿಯನ್ನು ಹೇಗೆ ಲೆಕ್ಕ ಹಾಕಬೇಕು?

ಚರ್ಚೆ ಆರಂಭಿಸಿದವರು: ನಿವೃತ್ತ ಬ್ಯಾಂಕ್ ಉದ್ಯೋಗಿ, ಕುವೆಂಪುನಗರ, ಮೈಸೂರು

ನಮ್ಮ ಮನೆ 1991ರಲ್ಲಿ ಕಟ್ಟಿದ್ದು. ಆ ಕಾಲದ ವಾಡಿಕೆಯಂತೆ ಗೋಡೆಯೊಳಗೆಲ್ಲ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪುಗಳೇ ಇವೆ. ಕಳೆದ ತಿಂಗಳು ಒಂದು ಭಾನುವಾರ ಸಂಜೆ ಗೀಸರ್ ಕೆಳಗಿನ ಆ್ಯಂಗಲ್ ಕಾಕ್ (ನೀರು ನಿಲ್ಲಿಸುವ ಸಣ್ಣ ನಲ್ಲಿ) ತಿರುಗಿಸುತ್ತಿದ್ದಾಗ ಅದು ಬುಡದಲ್ಲೇ ಮುರಿದು ನೀರು ಚಿಮ್ಮತೊಡಗಿತು. ತಾರಸಿಗೆ ಓಡಿ ಟ್ಯಾಂಕಿನ ವಾಲ್ವ್ ಮುಚ್ಚಿ, ಪರಿಚಯದವರೊಬ್ಬರು ಕೊಟ್ಟ ಸಂಖ್ಯೆಗೆ ಫೋನ್ ಮಾಡಿದೆ. ಪ್ಲಂಬರ್ ಒಂದು ಗಂಟೆಯೊಳಗೆ ಬಂದರು. ಗೋಡೆಯೊಳಗೆ ಉಳಿದಿದ್ದ ನಿಪ್ಪಲ್ (ಪೈಪಿಗೂ ಕಾಕ್‌ಗೂ ನಡುವಿನ ಗಿಡ್ಡ ಕೊಳವೆ) ತುಂಡನ್ನು ಟೈಲ್ಸ್ ಒಡೆಯದೆ ಹೊರತೆಗೆದು, ಹೊಸ ನಿಪ್ಪಲ್ ಮತ್ತು ಆ್ಯಂಗಲ್ ಕಾಕ್ ಕೂರಿಸಿ, ಇಪ್ಪತ್ತೈದು ನಿಮಿಷದಲ್ಲಿ ಕೆಲಸ ಮುಗಿಸಿದರು. ಸಾಮಾನಿಗೆ 350, ಮಜೂರಿಗೆ 500, ಒಟ್ಟು 850 ರೂಪಾಯಿ ಕೇಳಿದರು.

ಹಣವನ್ನು ಕೊಟ್ಟೆ. ಆದರೆ ಕೊಡುವಾಗ, "ಇಷ್ಟೇ ಹೊತ್ತಿನ ಕೆಲಸಕ್ಕೆ ಇಷ್ಟೊಂದಾ?" ಎಂದುಬಿಟ್ಟೆ. ಅವರು ಮರುಮಾತಾಡದೆ ಚೀಲ ಎತ್ತಿಕೊಂಡು ಹೊರಟರು. ಆ ಮುಖ ನನ್ನ ಮನಸ್ಸಿನಿಂದ ಹೋಗಿಲ್ಲ. ಈಗ ಮನೆಯಲ್ಲಿ ಇನ್ನೂ ಐದಾರು ರಿಪೇರಿಗಳು ಬಾಕಿ ಇವೆ. ಅವರನ್ನೇ ಕರೆಯಬೇಕೆಂದು ಆಸೆಯಿದ್ದರೂ ಸಂಕೋಚವಾಗುತ್ತಿದೆ. ಮೂವತ್ತನಾಲ್ಕು ವರ್ಷ ಬೇರೆಯವರ ಲೆಕ್ಕ ನೋಡಿದ ನನಗೆ ಈ ಲೆಕ್ಕ ಮಾತ್ರ ಗೊತ್ತಿಲ್ಲ. ಚೌಕಾಸಿಯ ಉಪಾಯ ತಿಳಿಯಲೆಂದು ನಾನು ಇದನ್ನು ಬರೆಯುತ್ತಿಲ್ಲ. ನ್ಯಾಯವಾದ ಮಜೂರಿ ಎಂದರೆ ಏನು, ಅದನ್ನು ಯಾವ ಆಧಾರದ ಮೇಲೆ ನಿರ್ಧರಿಸಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ಪ್ಲಂಬರ್, 22 ವರ್ಷದ ಅನುಭವ, ಮೈಸೂರು

ಸರ್, ನಿಮ್ಮ ಮನೆಗೆ ಬಂದವನು ನಾನಲ್ಲ. ಆದರೆ ಆ ಮಾತನ್ನು ವಾರಕ್ಕೆರಡು ಬಾರಿಯಾದರೂ ಕೇಳಿಸಿಕೊಳ್ಳುವವನು. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಕ್ಷಮಿಸಿ.

ತಾವು ನೋಡಿದ್ದು ಇಪ್ಪತ್ತೈದು ನಿಮಿಷ. ನಮಗೆ ಆ ಕೆಲಸ ಶುರುವಾಗುವುದು ಫೋನ್ ಬಂದಾಗ. ಊರಿನ ಇನ್ನೊಂದು ಮೂಲೆಯಿಂದ ಬರಲು ಅರ್ಧ ಗಂಟೆ ಬೇಕು. ಮನೆಗೆ ಬಂದು ನೋಡಿದ ಮೇಲೆ ಬೇಕಾದ ಅಳತೆಯ ಸಾಮಾನು ಚೀಲದಲ್ಲಿ ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಬರಲು ಮತ್ತೆ ಅರ್ಧ ಗಂಟೆ ಹಿಡಿಯುತ್ತದೆ. ಕೆಲಸ ಮುಗಿದ ಮೇಲೆ ಮುಂದಿನ ಮನೆ ತಲುಪುವ ಹೊತ್ತಿಗೆ ಎರಡು ಗಂಟೆ ಕಳೆದಿರುತ್ತದೆ. ಹೀಗಾಗಿ ಒಳ್ಳೆಯ ದಿನವೆಂದರೆ ನಾಲ್ಕು ಮನೆ, ಸಪ್ಪೆ ದಿನವೆಂದರೆ ಎರಡು ಮನೆ.

ನನ್ನ ಸ್ವಂತ ಲೆಕ್ಕವನ್ನೇ ಮುಂದಿಡುತ್ತೇನೆ. ಮಜೂರಿ ಸರಾಸರಿ 400 ರೂಪಾಯಿ ಎಂದುಕೊಂಡರೆ ಒಳ್ಳೆಯ ದಿನ 1,600 ಸಿಗುತ್ತದೆ. ಅದರಲ್ಲಿ ಪೆಟ್ರೋಲಿಗೆ ಮತ್ತು ಫೋನಿಗೆ 150, ಬ್ಲೇಡು, ಡ್ರಿಲ್ ಬಿಟ್, ಉಪಕರಣಗಳ ಸವಕಳಿಗೆ 100 ತೆಗೆದರೆ 1,350 ಉಳಿಯುತ್ತದೆ. ಸಪ್ಪೆ ದಿನ ಉಳಿಯುವುದು 550 ಮಾತ್ರ. ತಿಂಗಳಲ್ಲಿ ಹನ್ನೆರಡು ಒಳ್ಳೆಯ ದಿನ, ಹತ್ತು ಸಪ್ಪೆ ದಿನ ಸಿಕ್ಕರೆ ಒಟ್ಟು 21,700 ರೂಪಾಯಿ. ಮಿಕ್ಕ ದಿನಗಳಲ್ಲಿ ಕೆಲಸವೇ ಇರುವುದಿಲ್ಲ, ಅಥವಾ ಹಿಂದೆ ಮಾಡಿದ ಕೆಲಸದಲ್ಲಿ ಸೋರಿಕೆ ಕಂಡು ಪುಕ್ಕಟೆಯಾಗಿ ಹೋಗಿ ಸರಿಪಡಿಸಬೇಕಾಗುತ್ತದೆ. ಇದರಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲವೂ ನಡೆಯಬೇಕು. ಜ್ವರ ಬಂದು ಮಲಗಿದ ದಿನಕ್ಕೆ ಸಂಬಳವಿಲ್ಲ.

ಇನ್ನು ನಿಮ್ಮ ಮನೆಯ ಕೆಲಸದ ವಿಷಯ. ಮೂವತ್ತು ವರ್ಷ ದಾಟಿದ ಜಿ.ಐ. ಪೈಪಿನೊಳಗೆ ಮುರಿದ ನಿಪ್ಪಲ್ ತೆಗೆಯುವುದು ಎಲ್ಲರೂ ಧೈರ್ಯವಾಗಿ ಕೈಹಾಕುವ ಕೆಲಸವಲ್ಲ. ಒತ್ತಡ ಸ್ವಲ್ಪ ಹೆಚ್ಚಾದರೂ ಗೋಡೆಯೊಳಗಿನ ಎಲ್ಬೋ (ಪೈಪಿನ ತಿರುವಿನ ಜೋಡಣೆ) ತಿರುಗಿಬಿಡುತ್ತದೆ, ಇಲ್ಲವೇ ತುಕ್ಕು ಹಿಡಿದ ಥ್ರೆಡ್ಡು ಉದುರುತ್ತದೆ. ಹಾಗಾದರೆ ಟೈಲ್ಸ್ ಒಡೆದು, ಪೈಪು ಬದಲಿಸಿ, ಗಾರೆ ಕೆಲಸದವರನ್ನು ಕರೆಸಿ ಮುಚ್ಚಿಸಬೇಕು. ಆಗ ಖರ್ಚು ಸಾವಿರಗಳಲ್ಲಿರುತ್ತದೆ, ಅದೇ ಬಣ್ಣದ ಟೈಲ್ಸ್ ಈಗ ಸಿಗುವುದೂ ಇಲ್ಲ. ಇಪ್ಪತ್ತೈದು ನಿಮಿಷದಲ್ಲಿ ಮುಗಿದದ್ದು ಆ ಮನುಷ್ಯನ ಕೈ ಪಳಗಿದ್ದರಿಂದ. ಹೊಸಬನೊಬ್ಬ ಮೂರು ಗಂಟೆ ಗುದ್ದಾಡಿದ್ದರೆ ತಾವು 500 ರೂಪಾಯಿಯನ್ನು ಸಂತೋಷದಿಂದ ಕೊಡುತ್ತಿದ್ದಿರೋ ಏನೋ.

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲಸ ಹಿಡಿಯುವ ಮೊದಲೇ "ಮಜೂರಿ ಇಷ್ಟಾಗುತ್ತದೆ, ಒಳಗೆ ಮುರಿದರೆ ಇಷ್ಟಾಗುತ್ತದೆ" ಎಂದು ಹೇಳುವ ರೂಢಿ ನಮ್ಮಲ್ಲಿ ಬಹುತೇಕರಿಗಿಲ್ಲ. "ನೋಡಿ ಕೊಡಿ ಸರ್" ಎನ್ನುತ್ತೇವೆ. ಹಾಗೆಂದ ಮೇಲೆ ಕೊನೆಗೆ ಇಬ್ಬರಿಗೂ ಬೇಸರವಾಗುತ್ತದೆ. ನಾನು ಐದು ವರ್ಷದಿಂದ ಆ ಮಾತನ್ನು ಬಿಟ್ಟಿದ್ದೇನೆ. ಮೊದಲೇ ಮೊತ್ತ ಹೇಳಿದಾಗ ಕೆಲವರು ಬೇಡವೆನ್ನುತ್ತಾರೆ. ಬೇಕೆಂದವರ ಮನೆಯಲ್ಲಿ ಜಗಳವಾಗಿಲ್ಲ.

ಉತ್ತರ 2: ಅಪಾರ್ಟ್‌ಮೆಂಟ್ ನಿವಾಸಿ, ಬೆಂಗಳೂರು

ಮೇಲಿನ ಉತ್ತರವನ್ನು ಓದಿ ಬಹಳ ತಿಳಿದುಕೊಂಡೆ. ನಮ್ಮಲ್ಲಿ ಪರಿಚಯದ ಪ್ಲಂಬರ್ ಎಂಬುವವರೇ ಇಲ್ಲದ ಕಾರಣ ನಾನು ಆರು ವರ್ಷದಿಂದ ಮೊಬೈಲ್ ಆ್ಯಪ್ ಮೂಲಕವೇ ಕರೆಸುತ್ತಿದ್ದೇನೆ. ಯಾವ ಕೆಲಸಕ್ಕೆ ಎಷ್ಟು ಎಂಬುದು ಮೊದಲೇ ಕಾಣುತ್ತದೆ, ರಸೀದಿ ಬರುತ್ತದೆ, ಬಂದು ನೋಡಿದ ಶುಲ್ಕವನ್ನು ಕೆಲಸ ಮಾಡಿಸಿದರೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಒಬ್ಬಳೇ ಇರುವಾಗ ಬರುವವರ ಗುರುತು ದಾಖಲಾಗಿರುತ್ತದೆ ಎಂಬ ನೆಮ್ಮದಿಯೂ ನನಗೆ ಮುಖ್ಯ.

ಆದರೆ ಪ್ರತಿ ಬಾರಿಯೂ ಹೊಸಬರು ಬರುತ್ತಾರೆ. ನಮ್ಮ ಬೋರ್‌ವೆಲ್ ನೀರಿನ ಗಡಸುತನದಿಂದ ನಲ್ಲಿಗಳಲ್ಲಿ ಸುಣ್ಣ ಕಟ್ಟುತ್ತದೆಂಬುದನ್ನು ಪ್ರತಿಯೊಬ್ಬರಿಗೂ ಮೊದಲಿನಿಂದ ವಿವರಿಸಬೇಕು. ಒಮ್ಮೆ ಶವರ್ ನೀರು ಸಣ್ಣಗೆ ಬರುತ್ತಿದೆ ಎಂದು ಕರೆದಾಗ ಬಂದವರು ಡೈವರ್ಟರ್ (ನೀರನ್ನು ನಲ್ಲಿಗೋ ಶವರ್‌ಗೋ ತಿರುಗಿಸುವ ಭಾಗ) ಪೂರ್ತಿ ಬದಲಿಸಬೇಕೆಂದು 4,600 ರೂಪಾಯಿಯ ಅಂದಾಜು ಕೊಟ್ಟರು. ಅನುಮಾನ ಬಂದು ನಮ್ಮ ಕಟ್ಟಡದ ಹಳೆಯ ಪಂಪ್ ಆಪರೇಟರ್ ಅವರನ್ನು ಕೇಳಿದಾಗ, ಅವರು ಶವರ್ ತಲೆಯನ್ನು ಬಿಚ್ಚಿ ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಹಾಕಲು ಹೇಳಿದರು. ಬೆಳಿಗ್ಗೆ ಸರಿಯಾಗಿತ್ತು. ಬಂದವರು ಮೋಸಗಾರರೆಂದು ನಾನು ಹೇಳಲಾರೆ. ನಲವತ್ತೈದು ನಿಮಿಷದಲ್ಲಿ ಕೆಲಸ ಮುಗಿಸಿ ಮುಂದಿನ ಮನೆಗೆ ಹೋಗಬೇಕಾದವರಿಗೆ ಬಿಚ್ಚಿ ನೆನೆಸಿ ನೋಡುವ ವ್ಯವಧಾನವಿರುವುದಿಲ್ಲ, ಬದಲಿಸುವುದೇ ಸುಲಭ.

ತೆರಿಗೆಯ ವಿಷಯವನ್ನೂ ಗಮನಿಸಬೇಕು. ಆ್ಯಪ್ ಬಿಲ್ಲಿನಲ್ಲಿ ಜಿ.ಎಸ್.ಟಿ. ಸೇರಿರುತ್ತದೆ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ನೋಂದಣಿಯೇ ಕಡ್ಡಾಯವಲ್ಲದ ಕಾರಣ, ಸ್ವಂತವಾಗಿ ದುಡಿಯುವ ಪ್ಲಂಬರ್ ತೆರಿಗೆ ಸೇರಿಸುವುದಿಲ್ಲ. ಎರಡು ದರಗಳನ್ನು ಹೋಲಿಸುವಾಗ ಇದನ್ನು ಮರೆಯಬಾರದು. ಜೊತೆಗೆ, 2025ರಲ್ಲಿ ಕರ್ನಾಟಕ ಸರ್ಕಾರವು ಗಿಗ್ ಕಾರ್ಮಿಕರ (ಇಂತಹ ಆ್ಯಪ್‌ಗಳ ಮೂಲಕ ದುಡಿಯುವವರ) ಸಾಮಾಜಿಕ ಭದ್ರತೆಗೆಂದು ಕಾನೂನು ತಂದಿದ್ದು, ಕಾರ್ಮಿಕರಿಗೆ ಪಾವತಿಸುವ ಮೊತ್ತದ ಮೇಲೆ ಶೇಕಡ 1ರಿಂದ 5ರವರೆಗಿನ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕೆಂದು ಅದು ಹೇಳುತ್ತದೆ. ಅದರಿಂದ ದರ ಸ್ವಲ್ಪ ಏರಿದರೂ ನನಗೆ ಬೇಸರವಿಲ್ಲ.

ಉತ್ತರ 3: ಗೃಹಿಣಿ, ಧಾರವಾಡ

ನಾನು ಸಾಮಾನು ಮತ್ತು ಮಜೂರಿಯನ್ನು ಯಾವಾಗಲೂ ಬೇರೆ ಬೇರೆಯಾಗಿಯೇ ಇಡುತ್ತೇನೆ. ಕೆಲಸಗಾರರು ಚೀಟಿ ಬರೆದುಕೊಡುತ್ತಾರೆ, ಅಂಗಡಿಗೆ ನಾನೇ ಹೋಗಿ ತರುತ್ತೇನೆ. ಅಂಗಡಿಯವರು ಕೆಲಸಗಾರರಿಗೆ ಕಮಿಷನ್ ಕೊಡುವ ಪದ್ಧತಿ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದ್ದರಿಂದ ಇದರಲ್ಲಿ ನನಗೆ ಉಳಿತಾಯವಾಗಿದೆ. ತಂದ ದಿನಾಂಕ, ಬೆಲೆ, ಯಾವ ನಲ್ಲಿಗೆ ಹಾಕಿದ್ದು ಎಂಬುದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ನಮ್ಮ ಹಿತ್ತಲಿನ ನಲ್ಲಿಗೆ ಎರಡು ವರ್ಷದಲ್ಲಿ ಮೂರು ಬಾರಿ ಕಾಸು ಹಾಕಿದ್ದು ಆ ಪುಸ್ತಕದಿಂದಲೇ ತಿಳಿಯಿತು. ಮರುವಾರವೇ ಅಗ್ಗದ ನಲ್ಲಿಯನ್ನು ತೆಗೆಸಿ ಹಿತ್ತಾಳೆಯದನ್ನು ಹಾಕಿಸಿದೆ.

ಉತ್ತರ 4: ಪ್ಲಂಬರ್, ಮೈಸೂರು (ಉತ್ತರ 3ಕ್ಕೆ)

ಮೇಡಂ, ನೋಟ್‌ಬುಕ್ ಇಡುವ ಕ್ರಮ ಬಹಳ ಒಳ್ಳೆಯದು. ಸಾಮಾನನ್ನು ತಾವೇ ತರುವುದರಲ್ಲಿ ಮಾತ್ರ ಎಚ್ಚರ ಬೇಕು. ಬಿಸಿನೀರಿನ ಲೈನಿಗೆ ಬಿಸಿ ತಾಳುವ ಸಿ.ಪಿ.ವಿ.ಸಿ. ಪೈಪು ಬೇಕಾದ ಕಡೆ, ಬಿಳಿ ಪೈಪುಗಳೆಲ್ಲ ಒಂದೇ ಎಂದು ತಣ್ಣೀರಿನ ಯು.ಪಿ.ವಿ.ಸಿ. ಪೈಪು ತಂದುಕೊಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಅದು ಗೀಸರಿನ ಬಿಸಿಗೆ ಬಾಗಿ, ಜೋಡಣೆ ಸಡಿಲವಾಗುತ್ತದೆ. ಆಮೇಲೆ ದೂರು ಬರುವುದು ಹಾಕಿದವನ ಮೇಲೆ. ನಾನು ತಂದ ಸಾಮಾನು ಕೆಟ್ಟರೆ ಮತ್ತೆ ಬಂದು ಮಜೂರಿಯಿಲ್ಲದೆ ಬದಲಿಸುತ್ತೇನೆ, ಮನೆಯವರು ತಂದ ಸಾಮಾನಿಗೆ ಆ ಹೊಣೆ ಹೊರಲಾರೆ. ಕಮಿಷನ್ ಇರುವುದು ನಿಜ. ಇಲ್ಲವೆಂದರೆ ಸುಳ್ಳಾಗುತ್ತದೆ. ಅಂಗಡಿಯ ಬಿಲ್ಲನ್ನು ಹೆಸರು ಸಮೇತ ಕೇಳಿ ಪಡೆಯಿರಿ, ಅದು ತಮ್ಮ ಹಕ್ಕು.

ಉತ್ತರ 5: ವಿದ್ಯುತ್ ಗುತ್ತಿಗೆದಾರ, ತುಮಕೂರು

ಪ್ಲಂಬಿಂಗ್ ಕೆಲಸದಲ್ಲಿ ಲೆಕ್ಕ ತಪ್ಪಿದರೆ ಗೋಡೆ ಒದ್ದೆಯಾಗುತ್ತದೆ, ವಿದ್ಯುತ್ತಿನ ಕೆಲಸದಲ್ಲಿ ತಪ್ಪಿದರೆ ಜೀವ ಹೋಗುತ್ತದೆ. ಹೀಗಾಗಿ ಕಡಿಮೆ ದರ ಹೇಳಿದವರನ್ನು ಆರಿಸುವ ಮೊದಲು ಆ ದರ ಏಕೆ ಕಡಿಮೆ ಎಂದು ಕೇಳಲೇಬೇಕು.

ಇತ್ತೀಚೆಗೆ ಒಂದು ಮನೆಯಲ್ಲಿ ಬಚ್ಚಲಿಗೆ ಹೊಸ ಗೀಸರ್ ಪಾಯಿಂಟ್ ಬೇಕಾಗಿತ್ತು. ನಾನು 4,200 ರೂಪಾಯಿ ಹೇಳಿದೆ, ಇನ್ನೊಬ್ಬರು 1,800ಕ್ಕೆ ಒಪ್ಪಿಕೊಂಡರು. ಮನೆಯವರು ನನ್ನನ್ನು ದುಬಾರಿ ಎಂದುಕೊಂಡಿದ್ದು ಸಹಜ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರು, ದೂರ ಹೆಚ್ಚಿದ್ದರೆ 4 ಚದರ ಮಿಲಿಮೀಟರಿನದು, ಪ್ರತ್ಯೇಕ ಎಂ.ಸಿ.ಬಿ. (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್) ಮತ್ತು ಸರಿಯಾದ ಅರ್ಥಿಂಗ್ ಬೇಕು. ನಾನು ಹೇಳಿದ ದರದಲ್ಲಿ ಮೀಟರ್ ಬೋರ್ಡಿನಿಂದ ಬಚ್ಚಲಿನವರೆಗೆ ಹೊಸ ಲೈನ್ ಎಳೆಯುವುದು ಸೇರಿತ್ತು. 1,800ಕ್ಕೆ ಮಾಡಿದವರು ದೀಪದ ಸ್ವಿಚ್ ಬೋರ್ಡಿನಿಂದಲೇ ತೆಳುವಾದ ವೈರಿನಲ್ಲಿ ಸಂಪರ್ಕ ಕೊಟ್ಟಿದ್ದರು. ನಾಲ್ಕು ತಿಂಗಳಲ್ಲಿ ಬೋರ್ಡು ಕರಗಿ ಸುಟ್ಟ ವಾಸನೆ ಬಂದಾಗ ಮತ್ತೆ ನನ್ನನ್ನೇ ಕರೆದರು. ಅಂತಹ ಮನೆಯಲ್ಲಿ ಮಕ್ಕಳು ಸ್ನಾನ ಮಾಡುತ್ತಿದ್ದರೆಂಬುದನ್ನು ನೆನೆದರೆ ಈಗಲೂ ಮನಸ್ಸು ನಡುಗುತ್ತದೆ.

ಹಳೆಯ ಮನೆಯವರು ರಿಪೇರಿ ಮಾಡಿಸುವಾಗ 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. (ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸಾಧನ) ಇದೆಯೇ ಎಂದು ನೋಡಿಕೊಳ್ಳಬೇಕು. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಒತ್ತಿದರೆ ಅದರ ಸ್ವಿಚ್ ತಾನೇ ಆರಬೇಕು. ಬಲ್ಬು, ಸ್ವಿಚ್ಚು ಬದಲಿಸುವುದು ಸಣ್ಣ ಮಾತು, ಆದರೆ ಹೊಸ ಲೈನ್ ಎಳೆಸುವ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಿ.

ಉತ್ತರ 6: ಶಿವಮೊಗ್ಗದವರು, ಈಗ ಜರ್ಮನಿಯಲ್ಲಿ ವಾಸ

ನನ್ನ ತಾಯಿ ಶಿವಮೊಗ್ಗದ ಮನೆಯಲ್ಲಿ ಒಬ್ಬರೇ ಇದ್ದಾರೆ. ಮೂರು ಮಳೆಗಾಲ ಅವರ ಮಲಗುವ ಕೋಣೆಯ ಚಾವಣಿ ಸೋರಿತು, ಮೂರು ಬಾರಿಯೂ ಯಾರೋ ಬಂದು ತಾರಸಿಗೆ ವಾಟರ್‌ಪ್ರೂಫಿಂಗ್ ಬಳಿದು ಹೋದರು. ಒಟ್ಟು 27,000 ರೂಪಾಯಿ ಖರ್ಚಾಯಿತು. ನಾಲ್ಕನೆಯ ಬಾರಿ ಬಂದ ಹಿರಿಯ ಮೇಸ್ತ್ರಿಯೊಬ್ಬರು ಏನನ್ನೂ ಬಳಿಯಲಿಲ್ಲ. ತಾರಸಿಗೆ ನಾಲ್ಕು ಬಿಂದಿಗೆ ನೀರು ಸುರಿದು ಅದು ಯಾವ ಕಡೆ ಹರಿಯುತ್ತದೆ ಎಂದು ಸುಮ್ಮನೆ ನೋಡುತ್ತ ನಿಂತರು. ಮಳೆನೀರು ಹೋಗುವ ಪೈಪಿನ ಬಾಯಿಯೇ ತಾರಸಿಗಿಂತ ಎತ್ತರದಲ್ಲಿತ್ತು. ನೀರು ನಿಂತು, ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಸಂದಿಯಲ್ಲಿ ಇಳಿಯುತ್ತಿತ್ತು. ಆ ಬಾಯಿಯನ್ನು ತಗ್ಗಿಸಿ ಸಂದಿಗೆ ಗಾರೆ ಕಟ್ಟಲು 3,800 ರೂಪಾಯಿ ತೆಗೆದುಕೊಂಡರು. ಎರಡು ಮಳೆಗಾಲ ಕಳೆದಿವೆ, ಒಂದು ಹನಿಯೂ ಸೋರಿಲ್ಲ.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಒಂದು ಕೆಲಸ, ಅದನ್ನು ಸರಿಪಡಿಸುವುದು ಇನ್ನೊಂದು ಕೆಲಸ. ನಮ್ಮಲ್ಲಿ ಮೊದಲನೆಯದಕ್ಕೆ ಯಾರೂ ಹಣ ಕೊಡುವುದಿಲ್ಲ, ಹೀಗಾಗಿ ಯಾರೂ ಅದಕ್ಕೆ ಸಮಯವನ್ನೂ ಕೊಡುವುದಿಲ್ಲ. ನಾನು ಆ ಮೇಸ್ತ್ರಿಯವರಿಗೆ ನೋಡಿದ್ದಕ್ಕೇ ಬೇರೆಯಾಗಿ 500 ರೂಪಾಯಿ ಕೊಡಿಸಿದೆ. ಅವರು ಮೊದಲು ಬೇಡವೆಂದರಂತೆ.

ಇಲ್ಲಿಯ ಒಂದು ಕ್ರಮವನ್ನು ಹೇಳಬಹುದೆಂದುಕೊಂಡಿದ್ದೇನೆ. ಜರ್ಮನಿಯಲ್ಲಿ ಮನೆ ರಿಪೇರಿಯ ಬಿಲ್ಲಿನಲ್ಲಿ ಮಜೂರಿ, ಬಂದುಹೋಗುವ ಖರ್ಚು ಮತ್ತು ಸಾಮಾನು ಬೇರೆ ಬೇರೆಯಾಗಿರುತ್ತವೆ. ಮಜೂರಿ ಮತ್ತು ಬಂದುಹೋಗುವ ಖರ್ಚಿನ ಶೇಕಡ 20ರಷ್ಟನ್ನು, ವರ್ಷಕ್ಕೆ 1,200 ಯೂರೋ ಮೀರದಂತೆ, ಮನೆಯವರು ತಮ್ಮ ಆದಾಯ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಸಾಮಾನಿನ ಬೆಲೆಗೆ ಆ ರಿಯಾಯಿತಿ ಇಲ್ಲ. ಹಣವನ್ನು ಬ್ಯಾಂಕ್ ಮೂಲಕವೇ ಕೊಟ್ಟಿರಬೇಕು, ನಗದು ಕೊಟ್ಟರೆ ರಿಯಾಯಿತಿ ಸಿಗುವುದಿಲ್ಲ. ಹೀಗಾಗಿ ಮನೆಯವರೇ ಬಿಲ್ಲನ್ನು ಕೇಳಿ ಪಡೆಯುತ್ತಾರೆ. ಇಲ್ಲಿಯ ದರಗಳನ್ನು ನಮ್ಮೂರಿನ ದರಗಳಿಗೆ ಹೋಲಿಸುವುದು ಸರಿಯಲ್ಲ, ಆದರೆ ಬಂದುಹೋಗುವ ಖರ್ಚನ್ನು ಮುಚ್ಚುಮರೆಯಿಲ್ಲದೆ ಬಿಲ್ಲಿನಲ್ಲಿ ಬರೆಯುವ ಕ್ರಮ ನಮ್ಮಲ್ಲೂ ಬಂದರೆ, ಚರ್ಚೆ ಆರಂಭಿಸಿದ ಹಿರಿಯರು ಆಡಿದಂತಹ ಮಾತಿಗೆ ಆಸ್ಪದವೇ ಇರುವುದಿಲ್ಲ.

ಉತ್ತರ 7: ಖಾಸಗಿ ಶಾಲೆಯ ಶಿಕ್ಷಕ, ಹಾಸನ

ಎಲ್ಲರೂ ಕೆಲಸಗಾರರ ಪರವಾಗಿ ಬರೆದಿದ್ದೀರಿ. ನನ್ನ ಅನುಭವ ಬೇರೆ. ಬಚ್ಚಲಿನ ನೆಲ ಸೋರುತ್ತಿದ್ದುದಕ್ಕೆ 14,000 ರೂಪಾಯಿಗೆ ಒಪ್ಪಂದ ಮಾಡಿಕೊಂಡು 8,000 ಮುಂಗಡ ಪಡೆದವರು ಟೈಲ್ಸ್ ಕಿತ್ತುಹಾಕಿ ಹೋದವರು ಹನ್ನೊಂದು ದಿನ ಫೋನ್ ಎತ್ತಲಿಲ್ಲ. ವಯಸ್ಸಾದ ತಂದೆಯವರನ್ನು ಸ್ನಾನಕ್ಕೆ ಪಕ್ಕದ ಮನೆಗೆ ಕರೆದೊಯ್ಯಬೇಕಾಯಿತು. ಒಪ್ಪಂದ ಬಾಯಿಮಾತಿನದು, ನನ್ನ ಬಳಿ ಒಂದು ಚೀಟಿಯೂ ಇರಲಿಲ್ಲ. ಇಂತಹ ಸೇವೆಯೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ, 1915ಕ್ಕೆ ಕರೆ ಮಾಡಿ ದೂರು ಹೇಳಬಹುದು ಎಂಬುದು ಆಮೇಲೆ ತಿಳಿಯಿತು. ಆದರೆ ಕಾಗದವಿಲ್ಲದೆ ಏನನ್ನು ತೋರಿಸುವುದು? ಈಗ ನಾನು ಮೊಬೈಲ್ ಸಂದೇಶದಲ್ಲಾದರೂ ಕೆಲಸ, ಮೊತ್ತ, ಮುಗಿಸುವ ದಿನ ಮೂರನ್ನೂ ಬರೆದು ಅವರಿಂದ "ಸರಿ" ಎಂಬ ಉತ್ತರ ಪಡೆಯುತ್ತೇನೆ. ಮುಂಗಡವನ್ನು ಸಾಮಾನಿನ ಬೆಲೆಗಷ್ಟೇ ಸೀಮಿತಗೊಳಿಸುತ್ತೇನೆ.

ಉತ್ತರ 8: ಐ.ಟಿ.ಐ. ಬೋಧಕ, ದಾವಣಗೆರೆ

ಹಾಸನದ ಶಿಕ್ಷಕರಿಗೆ ಆದ ಅನ್ಯಾಯವನ್ನು ಯಾರೂ ಸಮರ್ಥಿಸಲಾರರು. ಮುಂಗಡದ ಬಗ್ಗೆ ಅವರು ಹೇಳಿದ್ದು ಸರಿಯಾದ ಕ್ರಮ.

ಮಜೂರಿಯ ಜೊತೆಗೆ ಇನ್ನೊಂದು ನೆರವು ನಮ್ಮ ಕೈಯಲ್ಲಿದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಕಟ್ಟುವ ಕೆಲಸ ಮಾತ್ರವಲ್ಲ, ರಿಪೇರಿ ಮತ್ತು ನಿರ್ವಹಣೆಯೂ ಸೇರಿತ್ತು. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 90 ದಿನ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ದೊಡ್ಡ ಕಟ್ಟಡದಲ್ಲಿ ದುಡಿಯುವವರಿಗೆ ಆ 90 ದಿನವನ್ನು ತೋರಿಸುವುದು ಸುಲಭ. ದಿನಕ್ಕೆ ಮೂರು ಮನೆ ಸುತ್ತುವ ರಿಪೇರಿಯವರಿಗೆ ಅದೇ ಕಷ್ಟ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಇದೇ ಕಾರಣಕ್ಕೆ ನೋಂದಣಿಯ ಕಾರ್ಡ್ ಮಾಡಿಸಿಲ್ಲ. ನಿಮ್ಮ ಮನೆಗೆ ಬರುವವರನ್ನು ಕಾರ್ಡ್ ಇದೆಯೇ ಎಂದು ಒಮ್ಮೆ ಕೇಳಿ. ಕೆಲಸದ ದಿನಾಂಕ ಬರೆದು ಸಹಿ ಮಾಡಿಕೊಡಲು ನಮಗೇನೂ ಖರ್ಚಿಲ್ಲ.

ಚರ್ಚೆ ಆರಂಭಿಸಿದವರು, ಹದಿನೆಂಟು ದಿನಗಳ ನಂತರ

ಎಲ್ಲರ ಉತ್ತರಗಳನ್ನೂ ಎರಡೆರಡು ಬಾರಿ ಓದಿದೆ. ಕಳೆದ ವಾರ ಅದೇ ಪ್ಲಂಬರ್ ಅವರಿಗೆ ಫೋನ್ ಮಾಡಿ, ಅಂದು ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಅಯ್ಯೋ, ಬಿಡಿ ಸರ್, ಯಾವ ಮನೆಯೆಂದೇ ಮರೆತಿದ್ದೆ" ಎಂದರು. ಮರೆತಿರಲಿಲ್ಲವೆಂದು ನನಗನಿಸಿತು.

ಬಾಕಿಯಿದ್ದ ಆರು ಕೆಲಸಗಳ ಪಟ್ಟಿಯನ್ನು ಫೋಟೋ ಸಹಿತ ಮುಂಚೆಯೇ ಕಳುಹಿಸಿದೆ. ಎರಡು ನಲ್ಲಿಯ ವಾಷರ್, ಫ್ಲಶ್ ಟ್ಯಾಂಕಿನ ಬಾಲ್ ಕಾಕ್, ತಾರಸಿ ಟ್ಯಾಂಕಿನ ಫ್ಲೋಟ್ ವಾಲ್ವ್, ಅಡುಗೆಮನೆ ಸಿಂಕಿನ ವೇಸ್ಟ್ ಪೈಪು, ತುಕ್ಕು ಹಿಡಿದ ಗೇಟ್ ವಾಲ್ವ್. ಒಂದು ದಿನದ ಮಜೂರಿ 1,500 ಎಂದು ಅವರು ಮೊದಲೇ ಹೇಳಿದರು. ಫೋಟೋ ನೋಡಿದ್ದರಿಂದ ಸಾಮಾನನ್ನೆಲ್ಲ ಒಮ್ಮೆಲೇ ತಂದರು, ಅಂಗಡಿಯ ಬಿಲ್ಲು 1,840 ರೂಪಾಯಿ. ಒಟ್ಟು 3,340. ಬಿಡಿಬಿಡಿಯಾಗಿ ಆರು ಬಾರಿ ಕರೆದಿದ್ದರೆ, ತಲಾ 400ರಂತೆ ಮಜೂರಿಯೇ 2,400 ಆಗುತ್ತಿತ್ತು. ನನಗೆ 900 ರೂಪಾಯಿ ಉಳಿಯಿತು, ಅವರಿಗೆ ಓಡಾಟವಿಲ್ಲದ ಒಂದು ಪೂರ್ತಿ ದಿನ ಸಿಕ್ಕಿತು. ಕಾರ್ಮಿಕ ಕಾರ್ಡ್ ಅವರ ಬಳಿ ಇರಲಿಲ್ಲ, ಎರಡು ದಿನಾಂಕಗಳನ್ನೂ ಬರೆದು ಸಹಿ ಮಾಡಿಕೊಟ್ಟಿದ್ದೇನೆ.

ಐದು ಕೆಲಸಗಳು ಮುಗಿದಿವೆ. ಗೇಟ್ ವಾಲ್ವ್ ಮಾತ್ರ ಬಿಚ್ಚಲು ಬರಲಿಲ್ಲ. ಬಲವಂತ ಮಾಡಿದರೆ ಲೈನ್ ಮುರಿಯುತ್ತದೆಂದು ಅವರೇ ನಿಲ್ಲಿಸಿ, ಅದಕ್ಕೆ ತಂದಿದ್ದ ವಾಲ್ವನ್ನು ನಮ್ಮಲ್ಲೇ ಬಿಟ್ಟಿದ್ದಾರೆ. ಈ ಚರ್ಚೆಯಲ್ಲಿರುವ ಪ್ಲಂಬರ್ ಅವರು ಅದಕ್ಕೇನು ಮಾಡಬೇಕೆಂದು ತಿಳಿಸುವಿರಾ?

ಉತ್ತರ 9: ಪ್ಲಂಬರ್, ಮೈಸೂರು

ಅವರು ನಿಲ್ಲಿಸಿದ್ದು ಸರಿಯಾಗಿದೆ, ಸರ್. ಆ ಹಳೆಯ ಲೈನಿನಲ್ಲಿ ತುಕ್ಕು ಹಿಡಿದು ಪೈಪು ತೆಳುವಾಗಿರುತ್ತದೆ. ವಾಲ್ವಿನ ಎರಡೂ ಕಡೆ ಒಂದೊಂದು ಅಡಿ ಕತ್ತರಿಸಿ, ಹಳೆಯ ತುಂಡನ್ನು ಪೂರ್ತಿ ತೆಗೆದು, ಯೂನಿಯನ್ (ಬೇಕಾದಾಗ ಬಿಚ್ಚಬಹುದಾದ ಜೋಡಣೆ) ಹಾಕಿ ಜೋಡಿಸಬೇಕು. ಅರ್ಧ ದಿನ ಟ್ಯಾಂಕ್ ಖಾಲಿ ಇರಬೇಕಾಗುತ್ತದೆ, ಆದ್ದರಿಂದ ಹಿಂದಿನ ರಾತ್ರಿ ಬಕೆಟ್ಟುಗಳಲ್ಲಿ ನೀರು ಹಿಡಿದಿಟ್ಟುಕೊಳ್ಳಿ. ಅವರ ಕೈಯಲ್ಲೇ ಮಾಡಿಸಿ.